ಒಂದು ಟ್ಯಾಂಕಿಗೆ ಒಂದು ಪಾಕೀಟು

ರಾಯಚೂರು
5 ಸೆಪ್ಟೆಂಬರ್ 2023

ಅಕ್ಕೋರಿಗೆ ನಮಸ್ಕಾರಗಳು.

ಶಿಕ್ಷಕರ ದಿನವೆಂದು ಹಾಸ್ಟೆಲಿನ ಹುಡುಗಿಯರೆಲ್ಲ ತಮ್ಮ ತಮ್ಮ ಟೀಚರಿಗೆ ಫೋನು ಮಾಡುತ್ತಿದ್ದಾರೆ. ನಿಮಗೆ ಕಿವಿ ಪೂರ್ತಿ ಕೇಳಿಸದಂತಾದ ಮೇಲೆ ನನ್ನ ಪಾಲಿಗೆ ಉಳಿದದ್ದು ಈ ಕಾಗದ. ಮೆಸೇಜು ಕಳಿಸಿದಾಗ ನೀವು, ಫೋನಿನಲ್ಲಿ ಎಲ್ಲರ ಅಕ್ಷರವೂ ಒಂದೇ ಥರ ಇರುತ್ತದೆ, ನನಗೆ ನಿನ್ನ ಅಕ್ಷರ ಬೇಕು ಎಂದು ಬರೆದಿದ್ದಿರಿ. ದೇವದುರ್ಗದ ಹೈಸ್ಕೂಲಿನಲ್ಲಿ ಈ ಅಕ್ಷರ ತಿದ್ದಿದವರು ನೀವೇ. ತಪ್ಪಿದ್ದರೆ ಈಗಲೂ ಗುರುತು ಹಾಕಿ ವಾಪಸ್ ಕಳಿಸಬಹುದು.

ಮಾನ್ವಿಯ ನಿಮ್ಮ ಹೊಲದಲ್ಲಿ ಒಂದು ಎಕರೆ ತೊಗರಿಯನ್ನು ನನ್ನ ಪಿಎಚ್.ಡಿ. ಪ್ರಯೋಗಕ್ಕೆ ಬಿಟ್ಟುಕೊಟ್ಟಿದ್ದೀರಿ. ಅಲ್ಲಿ ಏನು ಮಾಡುತ್ತೇನೆಂದು ನೀವು ಕೇಳಿದ್ದಿರಿ. ಸ್ಯಾಲಿಸಿಲಿಕ್ ಆಮ್ಲ ಎಂಬ ಬಿಳಿ ಪುಡಿಯನ್ನು ನೀರಿನಲ್ಲಿ ಕರಗಿಸಿ ಎಲೆಗಳ ಮೇಲೆ ಸಿಂಪಡಿಸುತ್ತೇನೆ. ಇದು ಹೊರಗಿನ ವಿಷವಲ್ಲ, ಗಿಡಗಳು ಕಷ್ಟ ಬಂದಾಗ ತಾವೇ ತಮ್ಮೊಳಗೆ ಚೂರು ತಯಾರಿಸಿಕೊಳ್ಳುವ ವಸ್ತು. ಈ ವರ್ಷದಂತೆ ಮಳೆ ಕೈಕೊಟ್ಟಾಗ ಹೊರಗಿನಿಂದ ಅದನ್ನು ಹದವಾಗಿ ಕೊಟ್ಟರೆ ಎಲೆಯ ಹಸಿರು ಬೇಗ ಕುಂದುವುದಿಲ್ಲ, ದ್ಯುತಿಸಂಶ್ಲೇಷಣೆ ನಡೆಯುತ್ತಲೇ ಇರುತ್ತದೆ, ಹೂವು ನಿಲ್ಲುತ್ತದೆ. ಎಲ್ಲ ಇರುವುದು ಆ ಹದದಲ್ಲಿ. ಒಂದು ಲೀಟರ್ ನೀರಿಗೆ ಒಂದು ಗ್ರಾಮಿನ ಹತ್ತನೇ ಒಂದು ಪಾಲು, ಅಷ್ಟೇ. ಅರ್ಧ ಎಕರೆಗೆ ಈ ಔಷಧ, ಇನ್ನರ್ಧಕ್ಕೆ ಹೋಲಿಕೆಗಾಗಿ ಬರಿ ನೀರು. ಮೊದಲ ಸಲ ಮೊಗ್ಗು ಕಾಣಿಸಿದಾಗ, ಎರಡನೆಯ ಸಲ ಹೂವಿನಲ್ಲಿ.

ಎಲೆಯನ್ನು ಚಿಮಟಿಗೆಯಂತೆ ಹಿಡಿದು ಅದು ಎಷ್ಟು ಗಾಳಿ ಒಳಗೆ ತೆಗೆದುಕೊಳ್ಳುತ್ತಿದೆ, ಎಷ್ಟು ಆಹಾರ ಮಾಡುತ್ತಿದೆ ಎಂದು ಅಳೆಯುವ ಯಂತ್ರವನ್ನು ತರುತ್ತೇನೆ. ನೀವು ನೋಡಲೇಬೇಕು. ಎಂಟನೇ ಇಯತ್ತೆಯಲ್ಲಿ ಕಪ್ಪು ಕಾಗದ ಸುತ್ತಿದ ಎಲೆಗೆ ಅಯೋಡಿನ್ ಹಾಕಿ ತೋರಿಸಿದಿರಲ್ಲ, ಅಂದು ಶುರುವಾದದ್ದು ಇಲ್ಲಿಗೆ ಬಂದಿದೆ.

ನಮ್ಮವ್ವ ನಿಮ್ಮನ್ನು ಕೇಳಿದ್ದಾಳೆ.

ವಿಶಾಖಾ


ಮಾನ್ವಿ
14 ಸೆಪ್ಟೆಂಬರ್ 2023

ಚಿ. ವಿಶಾಖಾಳಿಗೆ ಆಶೀರ್ವಾದಗಳು.

ಅಕ್ಷರದಲ್ಲಿ ತಪ್ಪಿಲ್ಲ. ನಿನ್ನ ಕಾಗದವನ್ನು ತಮ್ಮನ ಸೊಸೆ ಶ್ರೀವಲ್ಲಿಗೂ ಓದಲು ಕೊಟ್ಟೆ. ಮನೆಯಲ್ಲಿ ನನ್ನೊಡನೆ ಮಾತಾಡುವವಳು ಅವಳೊಬ್ಬಳೇ, ಅದೂ ಪಾಟಿಯ ಮೇಲೆ ಬಳಪದಲ್ಲಿ. ಓದಿ ಮುಗಿಸಿ, ‘ನಿಮ್ಮ ಶಿಷ್ಯೆ ಡಾಕ್ಟರ್ ಆಗ್ತಾಳ’ ಎಂದು ದೊಡ್ಡದಾಗಿ ಬರೆದು ತೋರಿಸಿದಳು.

ಹೊಲದಲ್ಲಿ ನಿನಗೆ ಬೇಕಾದ ಸಹಾಯಕ್ಕೆ ಮೌನೇಶ್ವರಿ ಇದ್ದಾಳೆ. ಹತ್ತೊಂಬತ್ತು ವರ್ಷದಿಂದ ನಮ್ಮ ಹೊಲಕ್ಕೆ ಕೂಲಿಗೆ ಬರುವವಳು. ಓದು ಬರುವುದಿಲ್ಲ. ಆದರೆ ಪಂಪು ಬೆನ್ನಿಗೆ ಹಾಕಿಕೊಂಡು ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದರಲ್ಲಿ ಗಂಡಸರನ್ನೂ ಹಿಂದೆ ಹಾಕುತ್ತಾಳೆ, ಒಂದು ಸಾಲು ಬಿಡುವವಳಲ್ಲ. ಮುಂದಿನ ವಾರ ನೀನು ಬಂದಾಗ ಅವಳಿಗೆ ಎಲ್ಲ ತೋರಿಸಿಕೊಡು.

ದೇವದುರ್ಗದಲ್ಲಿ ನಿನ್ನ ತಾಯಿ ಕನಕಮ್ಮ ಹೊಲದಿಂದ ನೇರವಾಗಿ ಬಂದು, ಮಣ್ಣಿನ ಕಾಲಲ್ಲಿ ಶಾಲೆಯ ಬಾಗಿಲ ಹೊರಗೇ ನಿಂತು ನಿನ್ನ ಅಂಕಪಟ್ಟಿಗೆ ಹೆಬ್ಬೆಟ್ಟು ಒತ್ತಿದ್ದು ನನಗೆ ನೆನಪಿದೆ. ಆಕೆಯ ಮಗಳು ನನ್ನ ಹೊಲದಲ್ಲಿ ಯಂತ್ರ ಹಿಡಿದು ನಿಲ್ಲುತ್ತಾಳೆಂದರೆ ಇದಕ್ಕಿಂತ ದೊಡ್ಡ ಪಿಂಚಣಿ ನನಗೆ ಬೇಡ.

ಕಾವೇರಿಬಾಯಿ


ರಾಯಚೂರು
24 ಅಕ್ಟೋಬರ್ 2023

ಅಕ್ಕೋರಿಗೆ ನಮಸ್ಕಾರಗಳು.

ಮೊದಲ ಸಿಂಪಡಣೆಯ ಫಲಿತಾಂಶ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ. ಬರಿ ನೀರು ಹೊಡೆದ ಕಡೆ ಮಧ್ಯಾಹ್ನ ಎಲೆಗಳು ಸೊರಗಿ ಮಡಚಿಕೊಳ್ಳುತ್ತಿದ್ದರೆ ಔಷಧ ಬಿದ್ದ ಕಡೆ ಇನ್ನೂ ಚುರುಕಾಗಿವೆ. ಅಂಕಿಗಳನ್ನು ನೋಡಿ ಗೈಡ್ ಸರ್ ಬೆನ್ನು ತಟ್ಟಿದರು.

ಎರಡನೆಯ ಸಿಂಪಡಣೆ ಇದೇ ಗುರುವಾರ ಆಗಬೇಕು. ಅಂದೇ ಇಲ್ಲಿ ನನ್ನ ಸೆಮಿನಾರ್ ಇದೆ, ತಪ್ಪಿಸುವಂತಿಲ್ಲ. ಪುಡಿಯನ್ನು ತೂಕ ಮಾಡಿ ಹತ್ತು ಪಾಕೀಟು ಕಟ್ಟಿ ಮಾನ್ವಿ ಬಸ್ಸಿನ ಡ್ರೈವರ್ ಕೈಯಲ್ಲಿ ಇವತ್ತೇ ಕಳಿಸಿದ್ದೇನೆ. ಮೌನೇಶ್ವರಕ್ಕನಿಗೆ ಫೋನಿನಲ್ಲಿ ಹೇಳಿದ್ದೇನೆ, ಹೋದ ಸಲದಂತೆಯೇ. ಒಂದು ಟ್ಯಾಂಕಿಗೆ ಒಂದು ಪಾಕೀಟು. ಮೊದಲು ತಂಬಿಗೆ ಬಿಸಿನೀರಿನಲ್ಲಿ ಕರಗಿಸಿ, ಆಮೇಲೆ ಟ್ಯಾಂಕಿಗೆ.

ಅವಸರದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ.

ವಿಶಾಖಾ


ಮಾನ್ವಿ
4 ನವೆಂಬರ್ 2023

ಚಿ. ವಿಶಾಖಾ,

ಹೊಲಕ್ಕೆ ಹೋಗಿದ್ದೆ. ನಿನ್ನ ಔಷಧ ಹೊಡೆದ ಅರ್ಧ ಎಕರೆಯಲ್ಲಿ ಎಲೆಗಳ ಅಂಚು ಸುಟ್ಟಂತಾಗಿದೆ. ಹೂವು ಸಾಲಿನಲ್ಲಿ ಹಾಸಿದಂತೆ ಬಿದ್ದಿದೆ, ಹಳದಿ ನೆಲ. ಪಕ್ಕದ ಬರಿ ನೀರಿನ ಅರ್ಧದಲ್ಲಿ ಹೀಗಿಲ್ಲ. ಇದೂ ನಿನ್ನ ಪ್ರಯೋಗದ ಭಾಗವೋ ಏನೋ ನನಗೆ ತಿಳಿಯದು. ಮೌನೇಶ್ವರಿ ದಿನಾ ಹೋಗಿ ಗಿಡಗಳ ನಡುವೆ ನಿಂತು ಬರುತ್ತಾಳಂತೆ.

ಆದಷ್ಟು ಬೇಗ ಬಾ.

ಕಾವೇರಿಬಾಯಿ


ರಾಯಚೂರು
14 ನವೆಂಬರ್ 2023

ಅಕ್ಕೋರಿಗೆ ನಮಸ್ಕಾರಗಳು.

ಒಂಬತ್ತರಂದು ಬಂದಾಗ ನಿಮ್ಮ ಮನೆಯಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ. ನೀವು ಬಡಿಸಿದ ಊಟವನ್ನೂ ಅರ್ಧಕ್ಕೆ ಬಿಟ್ಟು ಬಸ್ಸಿಗೆ ಓಡಿದೆ. ತಪ್ಪು ತಿಳಿಯಬೇಡಿ.

ಹೊಲದಲ್ಲಿ ಅಳತೆಗಳನ್ನು ತೆಗೆದುಕೊಂಡೆ. ಆಮ್ಲದ ಸಾಂದ್ರತೆ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಾಗಿ ಎಲೆಗಳಿಗೆ ಬಿದ್ದಿರುವುದು ಸ್ಪಷ್ಟ. ಅದು ಹೆಚ್ಚಾದಾಗ ಎಲೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬಿಸಿಲು ಬೀಳುತ್ತಲೇ ಇರುತ್ತದೆ, ಆದರೆ ಗಾಳಿ ಒಳಗೆ ಹೋಗದೆ ಆಹಾರ ತಯಾರಾಗುವುದಿಲ್ಲ. ಇದ್ದಬದ್ದ ಶಕ್ತಿಯನ್ನು ಗಿಡ ತನ್ನನ್ನು ಉಳಿಸಿಕೊಳ್ಳಲು ಖರ್ಚು ಮಾಡಿ ಹೂವುಗಳನ್ನು ಕೈಬಿಡುತ್ತದೆ.

ನಾನು ಕಳಿಸಿದ ಪ್ರಮಾಣ ಸರಿಯಾಗಿಯೇ ಇತ್ತು. ಹೊಲದಲ್ಲಿ ಬೆರೆಸುವಾಗ ಅಳತೆಯಲ್ಲಿ ಹೆಚ್ಚುಕಡಿಮೆ ಆಗಿರುವ ಸಾಧ್ಯತೆ ಇದೆ. ರೈತರ ಹೊಲಗಳಲ್ಲಿ ಮಾಡುವ ಪ್ರಯೋಗಗಳಲ್ಲಿ ಇಂಥದ್ದು ಆಗುತ್ತಿರುತ್ತದೆ. ಯಾರನ್ನೂ ಏನೂ ಅನ್ನಬೇಡಿ. ನಿಮ್ಮ ಬೆಳೆ ಹಾಳಾದದ್ದಕ್ಕೆ ನನಗೆ ತುಂಬಾ ನೋವಾಗಿದೆ.

ವಿಶಾಖಾ


ಮಾನ್ವಿ
22 ನವೆಂಬರ್ 2023

ಚಿ. ವಿಶಾಖಾಳಿಗೆ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಎಷ್ಟು ಸಂಕಟವಿತ್ತೆಂದರೆ ನನಗೆ ನನ್ನ ತೊಗರಿಗಿಂತ ನಿನ್ನದೇ ಚಿಂತೆಯಾಯಿತು. ಅರ್ಧ ಎಕರೆ ತೊಗರಿಯಿಂದ ನಮ್ಮ ಮನೆ ಮುಳುಗುವುದಿಲ್ಲ. ನಿನ್ನ ಮೂರು ವರ್ಷದ ಕೆಲಸಕ್ಕೆ ಧಕ್ಕೆಯಾಯಿತಲ್ಲ, ಅದು ನನ್ನನ್ನು ಸುಡುತ್ತಿದೆ.

ಯಾರನ್ನೂ ಏನೂ ಅನ್ನಬೇಡಿ ಎಂದು ಬರೆದಿದ್ದೀ. ಅದು ನಿನ್ನ ದೊಡ್ಡ ಗುಣ. ಆದರೆ ನನ್ನಿಂದ ಸುಮ್ಮನಿರಲಾಗಲಿಲ್ಲ. ಸೋಮವಾರ ಹೊಲಕ್ಕೆ ಹೋಗಿ ಮೌನೇಶ್ವರಿಯನ್ನು ಕರೆದು ಕೇಳಿದೆ. ಕಳೆ ತೆಗೆಯುತ್ತಿದ್ದ ಐದಾರು ಹೆಂಗಸರೂ ಅಲ್ಲಿದ್ದರು. ಅಳತೆ ತಿಳಿಯದವರು ಔಷಧಕ್ಕೆ ಕೈ ಹಾಕಬಾರದು, ಒಬ್ಬ ಹುಡುಗಿಯ ಓದನ್ನೇ ಕೆಡಿಸಿದೆ, ನಾಳೆಯಿಂದ ಬರಬೇಡ ಎಂದು ಹೇಳಿದೆ.

ಅವಳು ಬಹಳ ಹೊತ್ತು ಏನೋ ಹೇಳಿದಳು. ಬೆರಳಿನಿಂದ ದಪ್ಪ, ತೆಳು ಎಂಬಂತೆ ಸನ್ನೆ ಮಾಡಿದಳು. ತುಟಿ ಅಲ್ಲಾಡುವುದಷ್ಟೇ ನನಗೆ ಕಂಡಿತು. ನೆಪಗಳು ಕೇಳಿಸದೇ ಇರುವುದು ಕಿವುಡರಿಗೆ ದೇವರು ಮಾಡಿಕೊಟ್ಟ ಒಂದು ಅನುಕೂಲ ಎಂದುಕೊಂಡು ಮನೆಗೆ ಬಂದೆ.

ನೀನು ಧೈರ್ಯಗೆಡಬೇಡ. ಮೊದಲ ಸಿಂಪಡಣೆಯ ಅಂಕಿಗಳಾದರೂ ನಿನ್ನ ಕೈಯಲ್ಲಿವೆ.

ಕಾವೇರಿಬಾಯಿ


ರಾಯಚೂರು
12 ಜನವರಿ 2024

ಅಕ್ಕೋರಿಗೆ ನಮಸ್ಕಾರಗಳು. ಸಂಕ್ರಾಂತಿಯ ಶುಭಾಶಯಗಳು.

ಬಹಳ ದಿನ ಬರೆಯಲಾಗಲಿಲ್ಲ. ಥೀಸಿಸ್ ಬರೆಯುವುದರಲ್ಲಿ ಮುಳುಗಿದ್ದೆ. ಹಾಳಾದ ಎರಡನೆಯ ಸಿಂಪಡಣೆಯ ಅಂಕಿಗಳನ್ನು ಕೈಬಿಟ್ಟು ಮೊದಲ ಸಿಂಪಡಣೆಯದನ್ನೂ ಕಾಲೇಜಿನ ಹೊಲದ ಪ್ರಯೋಗವನ್ನೂ ಸೇರಿಸಿ ಮುಗಿಸಬಹುದೆಂದು ಗೈಡ್ ಸರ್ ಹೇಳಿದ್ದಾರೆ.

ಮೌನೇಶ್ವರಕ್ಕ ಈಗ ಎಲ್ಲಿ ಕೆಲಸಕ್ಕೆ ಹೋಗುತ್ತಾಳೆ? ಅವಳ ಫೋನು ಹತ್ತುತ್ತಿಲ್ಲ.

ವಿಶಾಖಾ


ಮಾನ್ವಿ
25 ಜನವರಿ 2024

ಚಿ. ವಿಶಾಖಾಳಿಗೆ ಆಶೀರ್ವಾದಗಳು.

ಅವಳ ವಿಚಾರ ನೀನು ಕೇಳಿದ್ದು ನಿನ್ನ ಮೃದು ಮನಸ್ಸಿಗೆ ತಕ್ಕುದೇ. ಊರಲ್ಲಿ ಯಾರೂ ಅವಳನ್ನು ಎಣ್ಣೆ ಹೊಡೆಯಲು ಕರೆಯಲಿಲ್ಲವಂತೆ, ಮೆಣಸಿನಕಾಯಿ ಬಿಡಿಸುವ ಗುಂಪಿನೊಡನೆ ಗುಂಟೂರಿನ ಕಡೆ ಹೋಗಿದ್ದಾಳೆ. ಹೋಗುವ ಮುಂಚೆ ನಮ್ಮ ಪಂಪನ್ನು ಮರಳಿಸಲು ಬಂದಿದ್ದಳು. ಅದನ್ನು ತೊಳೆದು ತಂದಿದ್ದರೂ ನಮ್ಮ ನಳದ ಕೆಳಗೆ ಇನ್ನೊಮ್ಮೆ ತೊಳೆದಳು. ಹೋದ ವರ್ಷ ತಾನು ಎಣ್ಣೆ ಹೊಡೆದ ಹತ್ತಿಗೂ ಏನಾದರೂ ಆಗಿತ್ತೇ ಎಂದು ಶ್ರೀವಲ್ಲಿಯನ್ನು ಕೇಳಿದಳಂತೆ. ಅದಕ್ಕೇನಾಗಿತ್ತು, ಚೆನ್ನಾಗಿಯೇ ಬಂದಿತ್ತಲ್ಲ. ಯಾಕೆ ಕೇಳಿದಳೋ.

ತೊಗರಿ ರಾಶಿ ಆಯಿತು. ಔಷಧದ ಅರ್ಧದಲ್ಲಿ ಬಂದದ್ದು ಎರಡು ಚೀಲ, ಬರಿ ನೀರಿನ ಅರ್ಧದಲ್ಲಿ ನಾಲ್ಕು.

ಗಣರಾಜ್ಯೋತ್ಸವಕ್ಕೆ ನಾಳೆ ದೇವದುರ್ಗದ ಶಾಲೆಯವರು ಹಳೆಯ ಶಿಕ್ಷಕರನ್ನು ಕರೆದಿದ್ದಾರೆ. ನನಗೆ ಐದು ನಿಮಿಷ ಮಾತಾಡಲು ಕೊಟ್ಟಿದ್ದಾರೆ. ನಾನು ಮಾತಾಡುವುದು ನಿನ್ನ ಬಗ್ಗೆ. ಥೀಸಿಸ್ ಮುದ್ರಣವಾದೊಡನೆ ಒಂದು ಪ್ರತಿ ನನಗೆ ಕಳಿಸು. ಇಂಗ್ಲಿಷಿನಲ್ಲಿದ್ದರೂ ಪ್ರತಿ ಸಾಲು ಓದುತ್ತೇನೆ.

ಕಾವೇರಿಬಾಯಿ


ರಾಯಚೂರು
27 ಮಾರ್ಚ್ 2024

ಅಕ್ಕೋರಿಗೆ,

ನಮಸ್ಕಾರ ಎಂದು ಬರೆದು ಎರಡು ಹಾಳೆ ಹರಿದೆ. ಇದನ್ನು ಪೂರ್ತಿ ಓದಿರಿ ಎಂದಷ್ಟೇ ಕೇಳುತ್ತೇನೆ.

ಮೌನೇಶ್ವರಕ್ಕ ಯಾವ ತಪ್ಪನ್ನೂ ಮಾಡಲಿಲ್ಲ. ತಪ್ಪು ನನ್ನದು. ಹತ್ತು ಟ್ಯಾಂಕಿಗೆ ಸೇರಿ ಹದಿನೈದು ಗ್ರಾಂ ಪುಡಿ ಬೇಕಿತ್ತು, ಒಂದು ಟ್ಯಾಂಕಿಗೆ ಒಂದೂವರೆ ಗ್ರಾಂ. ಪಾಕೀಟು ಕಟ್ಟಿದ ದಿನ ಬೆಳಿಗ್ಗೆ ಸೆಮಿನಾರಿನ ಚಿತ್ರಗಳನ್ನು ತಲೆಯಲ್ಲಿ ತುಂಬಿಕೊಂಡು ತಕ್ಕಡಿಯ ಮುಂದೆ ನಿಂತಿದ್ದೆ. ರಿಜಿಸ್ಟರಿನಲ್ಲಿ ಹದಿನೈದು ಎಂದು ಕಂಡಿತು, ಪ್ರತಿ ಪಾಕೀಟಿಗೂ ಹದಿನೈದು ತೂಗಿದೆ. ನಿಮ್ಮ ತೊಗರಿಗೆ ಬಿದ್ದದ್ದು ಹತ್ತು ಪಟ್ಟು.

ಇಷ್ಟೇ ಆಗಿದ್ದರೆ ಅದನ್ನು ಕೈತಪ್ಪು ಅನ್ನಬಹುದಿತ್ತು. ಗುರುವಾರ ಬೆಳಿಗ್ಗೆ ನಾನು ಸೆಮಿನಾರ್ ಹಾಲಿನ ಬಾಗಿಲಲ್ಲಿದ್ದಾಗ ಅವಳ ಫೋನು ಬಂತು. ‘ಯವ್ವಾ, ಈ ಸಲದ ಪಾಕೀಟು ದಪ್ಪ ಅದಾವಲ್ಲ. ಹ್ವಾದ ಸಲ ಚಿಟಿಕಿ ಅಷ್ಟ ಇತ್ತು. ಬಿಸಿನೀರಾಗೂ ಕರಗವಲ್ದು. ಒಮ್ಮಿ ನೋಡ್ತಿ ಏನು?’ ಎಂದಳು. ಒಳಗೆ ನನ್ನ ಹೆಸರು ಕರೆಯುತ್ತಿದ್ದರು. ‘ನಾ ತೂಕ ಮಾಡೀನಕ್ಕಾ, ಹೇಳಿದಷ್ಟು ಮಾಡು’ ಎಂದು ಫೋನಿಟ್ಟೆ. ಅವಳು ಹೇಳಿದಷ್ಟು ಮಾಡಿದಳು.

ಎಲೆ ಸುಟ್ಟಂತಾಗಿದೆ ಎಂಬ ನಿಮ್ಮ ಕಾಗದ ಬಂದ ದಿನವೇ ಪ್ರಯೋಗಾಲಯದ ಕಪಾಟು ತೆಗೆದು ಬಾಟಲಿ ತೂಗಿದೆ. ಎಷ್ಟು ಕಡಿಮೆಯಾಗಿದೆ ಎಂದು ನೋಡಿದೊಡನೆ ತಿಳಿಯಿತು. ತಿಳಿದೇ ನಿಮ್ಮ ಹೊಲಕ್ಕೆ ಬಂದೆ, ತಿಳಿದೇ ನಿಮ್ಮ ಮನೆಯ ಊಟದ ಎಲೆಯ ಮುಂದೆ ಕೂತೆ. ಹೊಲದಲ್ಲಿ ಯಂತ್ರ ಎಲೆಗೆ ಹಚ್ಚಿದಾಗ ಹದಿನೆಂಟರ ಆಸುಪಾಸು ಬರಬೇಕಾದ ಅಂಕಿ ಐದು ತೋರಿಸಿತು. ಮೌನೇಶ್ವರಕ್ಕ ನನ್ನ ಹಿಂದೆಯೇ ಸಾಲಿನಿಂದ ಸಾಲಿಗೆ ಬರುತ್ತಿದ್ದಳು. ‘ನಾ ಏನರ ತಪ್ಪ ಮಾಡೀನೇನವ್ವಾ?’ ಎಂದು ಕೇಳಿದಳು. ನಾನು ಅವಳ ಮುಖ ನೋಡದೆ, ‘ನೋಡೂಣು’ ಅಂದೆ.

ಆಮೇಲೆ ನಿಮಗೆ ಆ ಕಾಗದ ಬರೆದೆ. ‘ಅಳತೆಯಲ್ಲಿ ಹೆಚ್ಚುಕಡಿಮೆ ಆಗಿರುವ ಸಾಧ್ಯತೆ’ ಎಂಬ ಸಾಲನ್ನು ನಾಲ್ಕು ಸಲ ತಿದ್ದಿ ಬರೆದದ್ದು, ಅಕ್ಕೋರೆ. ಯಾರ ಹೆಸರೂ ಇರಬಾರದು, ಆದರೆ ಯಾರೆಂದು ನಿಮಗೆ ತಿಳಿಯಬೇಕು, ಹಾಗೆ. ಅವಳನ್ನು ಕೆಲಸದಿಂದ ಬಿಡಿಸಿದೆನೆಂದು ನೀವು ಬರೆದಾಗಲೂ ಸುಮ್ಮನಿದ್ದೆ. ಗಣರಾಜ್ಯೋತ್ಸವದಲ್ಲಿ ನೀವು ನನ್ನನ್ನು ಹೊಗಳಿದ್ದನ್ನು ನಮ್ಮೂರಿನವರು ಫೋನು ಮಾಡಿ ಹೇಳಿದಾಗಲೂ ಸುಮ್ಮನಿದ್ದೆ.

ಹೋದ ವಾರ ನಮ್ಮವ್ವ ರೊಟ್ಟಿ ಕಟ್ಟಿಕೊಂಡು ಹಾಸ್ಟೆಲಿಗೆ ಬಂದಿದ್ದಳು. ಮೇಜಿನ ಮೇಲಿದ್ದ ಥೀಸಿಸ್ಸಿನ ಹಾಳೆಗಳ ಮೇಲೆ ಕೈಯಾಡಿಸಿ, ‘ಇದ್ರಾಗ ಆ ಎಣ್ಣಿ ಹೊಡದಾಕಿ ಹೆಸರೂ ಬರದೀದಿ ಏನು?’ ಎಂದು ಕೇಳಿದಳು. ಕೂಲಿಯವಳೊಬ್ಬಳ ಹೆಸರು ಪುಸ್ತಕದಲ್ಲಿ ಬರುತ್ತದೆಂದು ಅವಳಿಗೆ ಹಿಗ್ಗು. ಎರಡನೆಯ ಸಿಂಪಡಣೆಯನ್ನು ಕೈಬಿಟ್ಟದ್ದಕ್ಕೆ ಕಾರಣವಾಗಿ ‘ಸಿಂಪಡಿಸಿದವರ ದೋಷ’ ಎಂದು ಬರೆದ ಸಾಲು ಅದೇ ಹಾಳೆಯಲ್ಲಿತ್ತು. ಅವ್ವನಿಗೆ ಓದಲು ಬರುವುದಿಲ್ಲ. ನಾನೇ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ರೊಟ್ಟಿಯ ಬಟ್ಟೆಯನ್ನು ಮಡಚುತ್ತಾ, ‘ಆಕಿ ಜಾಗಾದಾಗ ನಾ ಇದ್ದಿದ್ರ, ನನ್ನೂ ಹಿಂಗ ಬರೀತಿದ್ದಿ ಏನು?’ ಅಂದಳು. ಮುಂದಿನ ಬಸ್ಸಿಗೆ ಹೊರಟುಹೋದಳು.

ನಿನ್ನೆ ಗೈಡ್ ಸರ್‌ಗೆ ಹೇಳಿದೆ. ರಿಜಿಸ್ಟರ್ ತರಿಸಿ ನೋಡಿದರು. ಥೀಸಿಸ್ ನಿಂತಿದೆ. ಇನ್ನೊಂದು ಹಂಗಾಮು ಪೂರ್ತಿ ಮತ್ತೆ ಮಾಡಬೇಕು. ಅದು ನ್ಯಾಯವೇ.

ನಿಮ್ಮ ಉತ್ತರವನ್ನು ಕೇಳುವ ಹಕ್ಕು ನನಗಿಲ್ಲ.

ವಿಶಾಖಾ


ಮಾನ್ವಿ
6 ಮೇ 2024

ವಿಶಾಖಾ,

ನಿನ್ನ ಕಾಗದ ತಲುಪಿ ಐದು ವಾರವಾಯಿತು. ಮೊದಲ ಹನ್ನೊಂದು ದಿನ ನಿನ್ನ ಮೇಲೆ ಸಿಟ್ಟು. ನಿನ್ನ ಹಳೆಯ ಕಾಗದಗಳನ್ನೆಲ್ಲ ಕಟ್ಟಿ ಅಟ್ಟದ ಮೇಲೆ ಇಡಿಸಿದೆ. ಶ್ರೀವಲ್ಲಿ ಏನಾಯಿತೆಂದು ಪಾಟಿಯಲ್ಲಿ ಬರೆದು ಕೇಳಿದರೆ ಪಾಟಿಯನ್ನೇ ಬೋರಲು ಹಾಕಿದೆ. ದೇವದುರ್ಗದ ವೇದಿಕೆಯ ಮೇಲೆ ಐದು ನಿಮಿಷ ಕೊಟ್ಟಿದ್ದರೆ ಹದಿನೈದು ನಿಮಿಷ ನಿನ್ನ ಬಗ್ಗೆ ಮಾತಾಡಿದ್ದೆ. ಸತ್ಯ ಅಳೆಯುವುದನ್ನು ಕಲಿತ ಹುಡುಗಿ ಎಂದಿದ್ದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆಮೇಲೆ ಸಿಟ್ಟು ಇಳಿಯಿತು. ಇಳಿದ ಮೇಲೆ ಉಳಿದದ್ದು ಅದಕ್ಕಿಂತ ಕೆಟ್ಟದ್ದು.

ನೀನು ಬರೆದದ್ದು ಒಂದು ಸಾಲು. ಅದರಲ್ಲಿ ಹೆಸರೂ ಇರಲಿಲ್ಲ. ಹೆಸರು ತುಂಬಿದವಳು ನಾನು. ತುಂಬಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಹತ್ತೊಂಬತ್ತು ವರ್ಷ ಒಂದು ಸಾಲು ಬಿಡದ ಹೆಂಗಸು ಆಕೆ ಎಂದು ನಿನಗೆ ಬರೆದವಳೂ ನಾನೇ. ಆದರೂ ಓದಿದವಳು ತಪ್ಪುವುದಿಲ್ಲ, ಓದದವಳು ತಪ್ಪಿರಲೇಬೇಕು ಎಂಬುದು ನನ್ನೊಳಗೆ ಮೊದಲೇ ಸಿದ್ಧವಾಗಿ ಕೂತಿತ್ತು. ನೀನು ಅದಕ್ಕೆ ದಾರಿ ತೋರಿಸಿದೆ, ಅಷ್ಟೇ.

ಇನ್ನೊಂದು ಹೇಳುತ್ತೇನೆ. ಇದನ್ನು ಬರೆಯಲು ಐದು ವಾರ ಹಿಡಿಯಿತು. ಕೂಲಿ ಮಾಡುವವರ ಮಗಳನ್ನು ಓದಿಸಿದೆ, ಮನೆಯೊಳಗೆ ಕರೆದು ಊಟ ಹಾಕಿದೆ, ಅವಳ ಮಾತನ್ನು ಕಣ್ಣು ಮುಚ್ಚಿ ನಂಬಿದೆ ಎಂದು ನನ್ನ ಬಗ್ಗೆ ನನಗೆ ಹೆಮ್ಮೆ ಇತ್ತು. ನಮ್ಮ ಮನೆತನದಲ್ಲಿ ಹಿಂದೆ ಯಾರೂ ಮಾಡದ್ದನ್ನು ಮಾಡಿದೆನೆಂದು. ನಿನ್ನನ್ನು ನಂಬಿದ ಹೆಮ್ಮೆಯಲ್ಲಿ, ನಿನ್ನ ತಾಯಿಯಂಥವಳನ್ನು ಅದೇ ಹೊಲದಲ್ಲಿ ಐದಾರು ಜನರ ಮುಂದೆ ನಿಲ್ಲಿಸಿ ಕಳಿಸಿದೆ. ಆಕೆ ಬೆರಳಿನಿಂದ ದಪ್ಪ, ತೆಳು ಎಂದು ತೋರಿಸಿದ್ದು ಪಾಕೀಟನ್ನು ಎಂದು ಈಗ ತಿಳಿಯಿತು. ನೆಪ ಎಂದು ನಿನಗೆ ಬರೆದಿದ್ದೆ. ಆ ಕಾಗದ ನಿನ್ನಲ್ಲಿದ್ದರೆ ಹರಿದುಹಾಕು. ಅಥವಾ ಬೇಡ, ಇಟ್ಟುಕೋ.

ಆಕೆ ಗುಂಟೂರಿನಿಂದ ಬಂದು ದೇವದುರ್ಗದ ಹತ್ತಿರ ಅರಕೇರಾದಲ್ಲಿ ಅಕ್ಕನ ಮನೆಯಲ್ಲಿದ್ದಾಳಂತೆ. ಮೊದಲು ನೀನು ಹೋಗು. ನೀನು ಹೇಳಿದ ಮೇಲೆ ನಾನು.

ಕಾವೇರಿಬಾಯಿ


ರಾಯಚೂರು
9 ಜೂನ್ 2024

ಅಕ್ಕೋರಿಗೆ,

ನಿನ್ನೆ ಅರಕೇರಾಕ್ಕೆ ಹೋಗಿದ್ದೆ. ದೇವದುರ್ಗದಲ್ಲಿ ಇಳಿದಾಗ ಅವ್ವ ತಾನೂ ಬರುತ್ತೇನೆಂದು ಬಸ್ಸು ಹತ್ತಿದಳು.

ಮೌನೇಶ್ವರಕ್ಕ ಅಕ್ಕನ ಹೊಲದಲ್ಲಿ ಹೋದ ವರ್ಷದ ಹತ್ತಿಯ ಕಟ್ಟಿಗೆ ಕಿತ್ತು ಹೊರೆ ಮಾಡುತ್ತಿದ್ದಳು. ಬಹಳ ಇಳಿದುಹೋಗಿದ್ದಾಳೆ. ನಮ್ಮನ್ನು ನೋಡಿ ಅವ್ವನಿಗೆ ಕುಡಿಯಲು ನೀರು ಕೊಟ್ಟಳು, ಅವರಿಬ್ಬರೂ ಮಳೆಯ ಮಾತಾಡಿದರು. ನಾನು ನಿಂತೇ ಹೇಳಿದೆ. ಹದಿನೈದು, ಒಂದೂವರೆ, ಎಲ್ಲ. ಬಾಟಲಿ ತೂಗಿದ್ದು, ನಿಮಗೆ ಬರೆದದ್ದು.

ಅವಳು ಕಟ್ಟಿಗೆ ಕೀಳುವುದನ್ನು ನಿಲ್ಲಿಸಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ ಒಂದೇ ಮಾತು ಕೇಳಿದಳು. ‘ಅವತ್ತ ನಾ ಫೋನಿನ್ಯಾಗ ಕೇಳಿದ್ದು, ಹೊಲ ನೋಡಾಕ ಬಂದಾಗ ನಿಮಗ ನೆನಪಿತ್ತೇನ್ರಿ ಮೇಡಂ?’

ಮೊದಲು ಯವ್ವಾ ಎನ್ನುತ್ತಿದ್ದವಳು. ನೆನಪಿರಲಿಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು, ಅಕ್ಕೋರೆ. ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು.

‘ಇತ್ತಕ್ಕಾ’ ಅಂದೆ.

ಆಗ ಅವಳ ಕೈ ನಿಂತಿತು. ‘ನೀವು ಮರತೀರಿ ಅಂತ ತಿಳಕೊಂಡಿದ್ದೆ. ಓದೋ ಮಂದಿಗಿ ಸಾವಿರ ಕೆಲಸ ಇರ್ತಾವ, ನೆನಪಿಲ್ಲ ಅಂತ. ಅಷ್ಟ ತಿಳಕೊಂಡು ಇಷ್ಟು ದಿನ ಇದ್ದೆ.’ ಮತ್ತೆ ಕಟ್ಟಿಗೆಗೆ ಕೈ ಹಾಕುತ್ತಾ, ‘ಆಮ್ಯಾಲ ಆಮ್ಯಾಲ ನನ್ನ ಕೈಯಾಗ ದೋಷ ಇದ್ದೀತು ಅಂತ ನನಗ ಅನಸಾಕ ಹತ್ತಿತ್ತು. ಗುಂಟೂರಿನ್ಯಾಗ ಎಣ್ಣಿ ಹೊಡಿ ಅಂದ್ರು, ಒಲ್ಲೆ ಅಂದೆ’ ಅಂದಳು.

ನಾನು ಕಾಲು ಮುಟ್ಟಲು ಬಾಗಿದೆ. ಹಿಂದೆ ಸರಿದಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಹೊರೆ ಕಟ್ಟಿ ತಲೆಯ ಮೇಲೆ ಇಟ್ಟುಕೊಂಡ ಮೇಲೆ, ‘ಇಲ್ಲಿ ಹೇಳಿದ್ರ ಯಾರು ಕೇಳ್ತಾರ? ಆ ಹೊಲದಾಗ ಹೇಳ್ರಿ. ಅವತ್ತ ಇದ್ದವರು ಎಲ್ಲಾರೂ ಇರ್ಲಿ. ನಾನೂ ಬರ್ತೀನಿ’ ಎಂದಳು.

ಅವರೆಲ್ಲ ಒಟ್ಟಿಗೆ ಹೊಲದಲ್ಲಿ ಸೇರುವ ಬಿತ್ತನೆ ಯಾವಾಗ ಎಂದು ತಿಳಿಸಿ. ಬರುತ್ತೇನೆ.

ವಿಶಾಖಾ


ಮಾನ್ವಿ
2 ಜುಲೈ 2024

ವಿಶಾಖಾ,

ಮೊನ್ನೆ ಹೊಲದಲ್ಲಿ ನೀನು ಎಲ್ಲರ ಮುಂದೆ ಮಾತಾಡಿ ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೋದೆ. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ.

ನೀನು ಏನು ಹೇಳಿದೆಯೋ ನನಗೆ ಕೇಳಿಸಲಿಲ್ಲ, ಆದರೆ ಹೆಂಗಸರ ಮುಖ ನೋಡುತ್ತಿದ್ದೆ. ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಒಬ್ಬಳು ಬದುವಿನ ಮೇಲೆ ಎಲೆಅಡಿಕೆ ತೆಗೆದು ಹಂಚಿದಳು. ಅವರಿಗೆಲ್ಲ ಮೊದಲೇ ಗೊತ್ತಿತ್ತೆಂದು ನನಗೆ ಆಗ ಹೊಳೆಯಿತು. ಪಾಕೀಟು ದಪ್ಪವಿದ್ದದ್ದನ್ನು ಅವರೂ ನೋಡಿದ್ದರು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳು.

ನನ್ನ ಸರದಿ ಬಂತು. ಮೂವತ್ನಾಲ್ಕು ವರ್ಷ ತರಗತಿಯಲ್ಲಿ ಮಾತಾಡಿದವಳು ಎರಡೇ ಮಾತು ಹೇಳಿದೆ. ನಾನು ತಪ್ಪು ಮಾಡಿದೆ, ಅನ್ನಬಾರದ್ದನ್ನು ಅಂದೆ ಎಂದೆ. ಜೋರಾಗಿ ಹೇಳಿದೆನೋ ಮೆಲ್ಲಗೆ ಹೇಳಿದೆನೋ ನನಗೇ ತಿಳಿಯದು. ಹೊಲಕ್ಕೆ ಮತ್ತೆ ಬಾ, ಪಂಪು ನಿನ್ನ ಕೈಗೇ ಕೊಡುತ್ತೇನೆ ಎಂದು ಕರೆದೆ.

ಮೌನೇಶ್ವರಿ ಏನೋ ಹೇಳಿದಳು. ಎರಡೇ ಮಾತಿನಷ್ಟು. ನನಗೆ ಕೇಳಿಸಲಿಲ್ಲವೆಂದು ಕಿವಿ ಮುಟ್ಟಿ ತೋರಿಸಿದೆ. ಆಗ ಜಬೀನ್ ಎಂಬ ಹೆಂಗಸು ಮುಂದೆ ಬಂದಳು. ಮೂವತ್ತರ ಆಸುಪಾಸಿನವಳು, ಹತ್ತನೇ ತನಕ ಓದಿದ್ದಾಳೆ, ಹೆಂಗಸರ ಸಂಘದ ಸಭೆಯ ಪುಸ್ತಕ ಬರೆಯುವವಳೂ ಅವಳೇ. ನನ್ನ ಚೀಲದಲ್ಲಿದ್ದ ನಿನ್ನ ಕಾಗದದ ಲಕೋಟೆಯನ್ನು ತೆಗೆದು ಕೊಟ್ಟೆ. ಅದರ ಹಿಂಬದಿಯಲ್ಲಿ ಮೌನೇಶ್ವರಿ ಹೇಳಿದಂತೆಯೇ ಜಬೀನ್ ಬರೆದು ನನ್ನ ಕೈಗಿಟ್ಟಳು. ಅಕ್ಷರ ದುಂಡಗೆ, ತಪ್ಪಿಲ್ಲ. ನಾನು ಕನ್ನಡಕ ಹಾಕಿಕೊಂಡು ಓದುವವರೆಗೂ ಮೌನೇಶ್ವರಿ ನಿಂತಿದ್ದಳು, ಆಮೇಲೆ ಹೋದಳು. ಈಗ ಆಚೆ ಕಡೆಯ ಹೊಲದವರ ಹತ್ತಿರ ಕೆಲಸಕ್ಕೆ ಸೇರಿದ್ದಾಳೆ. ಎಣ್ಣೆ ಹೊಡೆಯುತ್ತಾಳೆ ಎಂದು ಶ್ರೀವಲ್ಲಿ ಬರೆದು ತಿಳಿಸಿದಳು.

ಲಕೋಟೆಯ ಮೇಲೆ ಇದ್ದದ್ದನ್ನು ನಿನಗೆ ನಕಲು ಮಾಡಿ ಕಳಿಸುತ್ತಿದ್ದೇನೆ. ನನ್ನ ಮಾತು ಯಾವುದನ್ನೂ ಸೇರಿಸುವುದಿಲ್ಲ.

‘ನಾ ಬರೂದಿಲ್ರಿ ಅಕ್ಕೋರೆ. ಅವತ್ತ ನಿಮಗ ಕೇಳಬೇಕು ಅನಿಸಿದ್ರ ಜಬೀನ ಬರದು ತೋರಸ್ತಿದ್ಲು. ಆಕಿ ಅವತ್ತೂ ನಿಮ್ಮ ಬಾಜೂಕ ನಿಂತಿದ್ಲು.’

ಕಾವೇರಿಬಾಯಿ